ಬಳೆ ಸಡಿಲವಾದ ದಿನ

ನನ್ನ ಕೈಗೆ ಜೋಮು ಹಿಡಿಯತೊಡಗಿದ್ದು ಮಗು ಹೊಟ್ಟೆಯೊಳಗೆ ಮಿಸುಕಾಡಲು ಶುರುಮಾಡಿದ ಮೇಲೆ. ಮೊದಲು ಬಲಗೈ, ಆಮೇಲೆ ಎಡಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ಇರುವೆ ಹರಿದಾಡಿದ ಹಾಗೆ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ, ಅದು ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ ತನ್ನ ಪಾಡಿಗೆ ತಾನಿತ್ತು. ಮಲಗಿದರೆ ಹೆಚ್ಚು. ಎದ್ದು ಕೂತು, ಒದ್ದೆ ಕೈಯ ನೀರು ಕೊಡವುವ ಹಾಗೆ ಕೊಡವಿದರೆ ಸ್ವಲ್ಪ ಬಿಡುತ್ತಿತ್ತು. ಬೆಳಿಗ್ಗೆ ಸಾರಿಗೆ ಉಪ್ಪು ಹಾಕಲು ಹೋದರೆ ಚಿಟಿಕೆಯಲ್ಲಿ ಉಪ್ಪು ಬಂದಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿಯೇ ಹಾಕಬೇಕು.

ಆಗ ನಾವು ಕೊಲ್ಲಿ ದೇಶದ ಮನಾಮಾದಲ್ಲಿ, ಹಳೇ ಪೇಟೆಯ ಹಿಂದೆ ಒಂದು ಮಹಡಿ ಮನೆಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಸೌದಿಗೆ ಹೋಗುವ ಕಡಲ ಸೇತುವೆ ಆಗ ಇನ್ನೂ ಮುಗಿದಿರಲಿಲ್ಲ. ಇವರು ಸಿತ್ರಾದ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಶಿಫ್ಟಿನ ಲೆಕ್ಕದಲ್ಲಿ ಕಂಪನಿ ಬಸ್ಸು ಬಂದು ಗಲ್ಲಿಯ ಬಾಯಲ್ಲಿ ಹಾರನ್ ಹೊಡೆಯುತ್ತಿತ್ತು. ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಇನ್ನು ಆಗುವುದಲ್ಲ ಎಂದು ನಾನು ನನ್ನ ಮನಸ್ಸಿಗೆ ಹೇಳಿ ಮುಗಿಸಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಇದು ನಿಂತಿತು. ಮೂರು ದಾಟಿತು, ನಾಲ್ಕು ದಾಟಿತು. ಹಾಗಾಗಿ ಕೈಗೆ ಜೋಮು ಬಂದಾಗ ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಯೊಂದು ನೆಟ್ಟಗಿದ್ದರೆ ಕೈ ಏನಾದರೂ ಆಗಲಿ ಎಂದುಕೊಂಡೆ.

ಗುಟ್ಟು ಬಿಟ್ಟುಕೊಟ್ಟದ್ದು ಕೈಯೇ. ಒಂದು ದಿನ ಊಟಕ್ಕೆ ಕೂತಿದ್ದ ಇವರ ತಟ್ಟೆಗೆ ಗಂಜಿ ಬಡಿಸುವಾಗ ಸೌಟು ಜಾರಿ ಇವರ ತೊಡೆಯ ಮೇಲೆ ಬಿತ್ತು.

"ಎಂತ ಮಾರಾಯ್ತಿ, ನನ್ನನ್ನೇ ಬೇಯಿಸ್ಲಿಕ್ಕೆ ಹೊರಟದ್ದಾ?" ಎಂದು ಹಾರಿ ಎದ್ದರು. ನಾನು ಅತ್ತುಬಿಟ್ಟೆ. ಆಗ ಕೈ ಹಿಡಿದು ನೋಡಿದರು. ಉಂಗುರ ಮಾಂಸದೊಳಗೆ ಹೂತುಹೋಗಿತ್ತು.

ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಡಾಕ್ಟರಮ್ಮ ಚೀಟಿ ಬರೆದು, ಕೆಳಗಿನ ಮಾಳಿಗೆಯ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿ ಇದ್ದವಳು ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿ. ನನ್ನ ತಂಗಿಗಿಂತ ಚಿಕ್ಕವಳು. ಊರಿನ ರೂಢಿಯಂತೆ ನಾನು ಅವಳನ್ನು ಬಾಯಮ್ಮ ಎಂದು ಕರೆದಾಗ ನಕ್ಕಳು. "ಇಲ್ಲಿ ಎಲ್ಲರೂ ಸಿಸ್ಟರ್ ಅಂತ ಹೇಳುವುದು. ಬಾಯಮ್ಮ ಅಂತ ಕೇಳದೆ ಎಷ್ಟು ಸಮಯ ಆಯ್ತು ಗೊತ್ತುಂಟಾ ಅಕ್ಕ?"

ಕೋಣೆಯ ಮೂಲೆಯಲ್ಲಿ ಕರಗಿದ ಮೇಣ ತುಂಬಿದ ಒಂದು ತೊಟ್ಟಿ ಇತ್ತು. ಮುದುಕನೊಬ್ಬ ಅದರಲ್ಲಿ ಕೈ ಮುಳುಗಿಸಿ, ಬಿಳಿ ಕೈಗವಸು ಹಾಕಿದ ಹಾಗೆ ಎತ್ತುತ್ತಿದ್ದ. ನನಗೂ ಆಸೆಯಾಯಿತು. ಬಾಯಮ್ಮ ಬೇಡವೆಂದಳು. ಊದಿಕೊಂಡ ಕೈಗೆ ಬಿಸಿ ಕೂಡದು. ಕರೆಂಟಿನ ಯಂತ್ರವೂ ನಿಮಗೆ ಬೇಡ, ಒಳಗೆ ಒಬ್ಬರು ಕೂತಿದ್ದಾರಲ್ಲ, ಎಂದಳು. ಆಮೇಲೆ ನನ್ನ ಮಣಿಕಟ್ಟನ್ನು ಅಂಗಾತ ಮಾಡಿ, ನಡುವೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಬೆರಳ ತುದಿಯವರೆಗೆ ಮಿಂಚು ಹೊಡೆದ ಹಾಗಾಯಿತು.

"ಇಲ್ಲೊಂದು ಸಣ್ಣ ಸುರಂಗ ಉಂಟು ಅಕ್ಕ. ಬೆರಳು ಮಡಚುವ ಹಗ್ಗಗಳು ಅದರಲ್ಲೇ ಹೋಗ್ಬೇಕು, ನರವೂ ಅದರಲ್ಲೇ ಹೋಗ್ಬೇಕು. ಬಸುರಿಯ ಮೈಯಲ್ಲಿ ನೀರು ನಿಲ್ತದಲ್ಲ, ದಾರಿ ಇಕ್ಕಟ್ಟಾಗಿ ನರಕ್ಕೆ ಉಸಿರು ಕಟ್ಟಿದೆ."

"ಸಿತ್ರಾದ ಬಸ್ಸಿನ ಹಾಗೆ," ಎಂದರು ಇವರು, ಬಾಗಿಲಲ್ಲಿ ನಿಂತುಕೊಂಡೇ.

"ಹೌದು, ಸರಿಯಾಗಿ ಹೇಳಿದ್ರಿ. ಹೆದರ್ಬೇಡಿ. ಹೆರಿಗೆ ಆದ ಮೇಲೆ ನೀರು ಇಳೀತದೆ, ಕೈ ತನ್ನಷ್ಟಕ್ಕೆ ಸರಿ ಆಗ್ತದೆ. ಅಲ್ಲಿವರೆಗೆ ಸುಧಾರಿಸುವಾ."

ಅವಳು ಒಂದು ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಅದ್ದಿ, ದೋಸೆಯಷ್ಟು ಮೆತ್ತಗಾದ ಮೇಲೆ ನನ್ನ ಅಂಗೈಯಿಂದ ಮುಂಗೈಯ ಅರ್ಧದವರೆಗೆ ಅಂಟಿಸಿ ಒತ್ತಿ ಹಿಡಿದಳು. ಆರಿದಾಗ ಅದು ನನ್ನ ಕೈಯದೇ ಆಕಾರಕ್ಕೆ ಗಟ್ಟಿಯಾಯಿತು. ಎರಡು ಪಟ್ಟಿ ಹಾಕಿ ಕಟ್ಟಿದಳು. ಮಲಗುವಾಗ ಮಣಿಕಟ್ಟು ಮಡಚಬಾರದು, ಅಷ್ಟೇ ಇದರ ಕೆಲಸ. ಎಡಗೈಗೂ ಅಂಥದೇ ಒಂದು. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಬೇಕು. ದಿನಕ್ಕೆ ಕೆಲವು ಸಲ ತಣ್ಣೀರಿನಲ್ಲಿ ಇಡಬೇಕು. ಆ ಬೇಸಗೆಯಲ್ಲಿ ತಣ್ಣೀರು ಎಲ್ಲಿಂದ? ತಾರಸಿಯ ಟಾಂಕಿಯಿಂದ ನಳ್ಳಿಗೆ ಬರುವುದು ಚಹಾಕ್ಕೆ ಇಡಬಹುದಾದಷ್ಟು ಬಿಸಿನೀರು. ಇವರು ಫ್ರಿಜ್ಜಿನಲ್ಲಿ ಬಾಟಲಿಗಳನ್ನು ತುಂಬಿಸಿಟ್ಟೇ ಶಿಫ್ಟಿಗೆ ಹೋಗುತ್ತಿದ್ದರು.

ಬೆರಳಿಗೂ ವ್ಯಾಯಾಮ. ನಮಸ್ಕಾರ ಮಾಡುವ ಹಾಗೆ ನೇರ, ಆಮೇಲೆ ಕೊಡಪಾನದ ಕಂಠಕ್ಕೆ ಹಾಕುವ ಕೊಕ್ಕೆ, ಆಮೇಲೆ ಮುಷ್ಟಿ, ಮತ್ತೆ ನೇರ. ಮೆಲ್ಲಗೆ ಮಾಡಬೇಕು. ಹಗ್ಗ ಬಾವಿಯ ಗಡಗಡೆಯಲ್ಲಿ ಸಲೀಸಾಗಿ ಜಾರಿದ ಹಾಗೆ ಒಳಗೆ ಜಾರಬೇಕು, ಎಳೆದಾಡಬಾರದು.

"ಇನ್ನೊಂದು ಉಂಟು," ಎಂದಳು. "ಕಾಯಿ ತುರಿಯುವುದು ಪೂರ್ತಿ ಬಂದ್."

ನಾನು ಇವರ ಮುಖ ನೋಡಿದೆ. ನಮ್ಮ ಅಡುಗೆಯಲ್ಲಿ ತೆಂಗಿನಕಾಯಿ ಇಲ್ಲದ ದಿನ ಯಾವುದು? ಊರಿಂದ ಹೊರಡುವಾಗ ಚಿನ್ನ ಬಿಟ್ಟು ಬಂದರೂ ಹೆರೆಮಣೆ ಬಿಟ್ಟು ಬಂದಿರಲಿಲ್ಲ ನಾನು.

"ನಾನು ತುರೀತೇನೆ," ಎಂದರು ಇವರು. ಕಬ್ಬಿಣ ಬೆಸೆಯುವವರಿಗೆ ಕಾಯಿ ಯಾವ ಲೆಕ್ಕ ಎಂಬ ಧೈರ್ಯ.

ಹೆರೆಮಣೆಯ ಮೇಲೆ ಕೂತ ಇವರನ್ನು ನೋಡಬೇಕಿತ್ತು. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ, ಕುದುರೆ ಹತ್ತಿದ ಹಾಗೆ. ಬಿಳಿ ಮುಗಿದದ್ದು ಗೊತ್ತಾಗದೆ ಕರಟವನ್ನೇ ಕೆರೆಯುತ್ತಿದ್ದರು. ಚಟ್ನಿಯಲ್ಲಿ ಕಂದು ಚೂರುಗಳು. ಕೆಳಗಿನ ಮನೆಯ ಅಕ್ಕ ರುಚಿ ನೋಡಲು ಬಂದವರು ನಾಲಿಗೆಯಿಂದ ಒಂದು ಚೂರು ತೆಗೆದು ಬೆರಳ ಮೇಲಿಟ್ಟು ತೋರಿಸಿದರು. ಮೂಲ್ಕಿ ಕಡೆಯವರು, ಐದು ಹೆತ್ತವರು, ಈ ಊರಲ್ಲಿ ನನಗೆ ತಾಯಿಯ ಜಾಗದಲ್ಲಿದ್ದವರು. ಅವರ ಬಾಯಿಗೆ ಕಡಿವಾಣವಿರಲಿಲ್ಲ.

"ಇದು ಚಟ್ನಿಯಾ, ಸೌದೆ ಕೊಟ್ಟಿಗೆಯಾ? ಗಂಡಸು ತುರಿದ ಕಾಯಿ ತಿಂದ್ರೆ ಮಗು ಗಡ್ಡ ಇಟ್ಟುಕೊಂಡೇ ಹುಟ್ತದೆ ನೋಡಿ."

"ಹುಟ್ಲಿ ಅಕ್ಕ, ನಾನೇ ಬೋಳಿಸ್ತೇನೆ," ಎಂದರು ಇವರು.

ಮಲಗುವ ಮುಂಚೆ ಪಟ್ಟಿ ಕಟ್ಟುವುದೂ ಇವರ ಕೆಲಸವೇ ಆಯಿತು. ಕಡಲ ಬದಿಯಲ್ಲಿ ಹುಟ್ಟಿ ಬೆಳೆದವರು. ಆ ಪ್ಲಾಸ್ಟಿಕ್ ನೋಡಿದರೆ ದಡಕ್ಕೆಳೆದ ದೋಣಿಯ ಹಾಗೆ ಕಾಣುತ್ತದೆ ಎಂದು, "ಬಾ, ದೋಣಿ ಕಟ್ಟುವಾ," ಎನ್ನುತ್ತಿದ್ದರು. ರಾತ್ರಿಪಾಳಿ ಇದ್ದಾಗ ಸಂಜೆಯೇ ಕಟ್ಟಿ ಹೋಗುತ್ತಿದ್ದರು. ಆಮೇಲೆ ನನಗೆ ನೀರಿನ ಲೋಟ ಹಿಡಿಯಲೂ ಆಗದೆ ಎರಡು ಅಂಗೈಗಳ ನಡುವೆ ಒತ್ತಿ ಎತ್ತಬೇಕಾಗುತ್ತಿತ್ತು. ಎರಡೂ ಕೈ ಕಟ್ಟಿಸಿಕೊಂಡು ಮಲಗಿ, ಹೊಟ್ಟೆಯೊಳಗಿನ ಒದೆತಗಳನ್ನು ಕೇಳುತ್ತಿದ್ದೆ. ಕೇಳುವುದು ಎಂದೇ ಹೇಳಬೇಕು. ಮುಟ್ಟಿ ನೋಡಲು ಕೈ ಖಾಲಿ ಇರಲಿಲ್ಲ.

ಏಳನೆಯ ತಿಂಗಳಲ್ಲಿ ಬಯಕೆ ಶಾಸ್ತ್ರ ಮಾಡಲೇಬೇಕೆಂದು ಕೆಳಗಿನ ಮನೆಯ ಅಕ್ಕ ಹಟ ಹಿಡಿದರು. ತಾಯಿಮನೆಯಿಂದ ಬರಬೇಕಾದದ್ದನ್ನೆಲ್ಲ ಅವರೇ ಮಾಡಿದರು. ಹಸಿರು ಸೀರೆ, ಹೆಸರುಬೇಳೆ ಪಾಯಸ, ಕೋಳಿ ಸುಕ್ಕ, ನೀರುದೋಸೆ. ಬೊಂಬಾಯಿಯ ವಿಮಾನದಲ್ಲಿ ಬಂದವರೊಬ್ಬರು ಬಾಳೆಎಲೆಯಲ್ಲಿ ಸುತ್ತಿ ತಂದ ಮಲ್ಲಿಗೆ ಅಂಚು ಕೆಂಪಾಗಿದ್ದರೂ ವಾಸನೆ ಬಿಟ್ಟಿರಲಿಲ್ಲ. ಹಸಿರು ಗಾಜಿನ ಬಳೆಗಳನ್ನು ದೇವಸ್ಥಾನದ ಗಲ್ಲಿಯ ಸಿಂಧಿ ಅಂಗಡಿಯಿಂದ ತಂದಿದ್ದರು. ತಂದದ್ದು ನನ್ನ ಮೊದಲಿನ ಅಳತೆಗೆ.

ಬಳೆ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಅಕ್ಕ ಸಾಬೂನು ಹಚ್ಚಿ, ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಒತ್ತಿ ಒತ್ತಿ ಏರಿಸಿದರು. "ಕೈ ಮೆತ್ತಗೆ ಬಿಡು ಮಾರಾಯ್ತಿ. ಇಷ್ಟಕ್ಕೇ ಹೀಗೆ ಕೂಗಿದ್ರೆ ಹೆರುವಾಗ ಎಂತ ಮಾಡ್ತಿ? ದುಬೈಗೆ ಕೇಳ್ತದಾ?" ಹೆಂಗಸರೆಲ್ಲ ನಕ್ಕರು. ಕಣ್ಣಲ್ಲಿ ನೀರು ತುಂಬಿಕೊಂಡು ನಾನೂ ನಕ್ಕೆ. ಒಂದೂ ಒಡೆಯದೆ ಏರಿತು. ಅದೇ ದೊಡ್ಡ ಶಕುನ ಎಂದು ಅಕ್ಕ ಅರಸಿನ ಹಚ್ಚಿದರು. ಹೆರಿಗೆಯವರೆಗೆ ಇವು ಕೈಬಿಡುವ ಹಾಗಿಲ್ಲ. ಬಳೆಯ ಸದ್ದು ಮಗುವಿಗೆ ಕೇಳುತ್ತಿರಬೇಕಂತೆ. ಆದರೆ ನನ್ನ ಬಳೆಗಳು ಸದ್ದೇ ಮಾಡಲಿಲ್ಲ. ಒಂದಕ್ಕೊಂದು ಅಂಟಿ, ಚರ್ಮ ಕಚ್ಚಿ ಕೂತಿದ್ದವು.

ಬಾಯಮ್ಮ ನೋಡಿ ತಲೆ ಚಚ್ಚಿಕೊಂಡಳು. "ದೇವರೇ, ಯಾರು ಹಾಕಿದ್ದು ಇದನ್ನು? ನಾನು ಜಾಗ ಮಾಡ್ಲಿಕ್ಕೆ ನೋಡ್ತಾ ಇದ್ದೇನೆ, ನೀವು ಹೊರಗಿಂದ ಬೀಗ ಹಾಕಿ ಬಂದಿದ್ದೀರಿ! ತೆಗೀರಿ."

"ತೆಗೆಯುವ ಹಾಗಿಲ್ಲ ಬಾಯಮ್ಮ."

"ಹಾಗಾದ್ರೆ ಕತ್ತರಿಸ್ತೇನೆ."

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ನನ್ನ ಮುಖದಲ್ಲಿ ಏನು ಕಂಡಳೋ, ಎದ್ದು ಹೋಗಿ ನೀರು ಬಿಸಿ ಮಾಡಿದಳು. ಬಳೆಗಳನ್ನು ಎಣ್ಣೆ ಹಚ್ಚಿ ಮೆಲ್ಲಗೆ ಮಣಿಕಟ್ಟಿನ ಗೆರೆಯಿಂದ ಸ್ವಲ್ಪ ಮೇಲಕ್ಕೆ, ಊತ ಕಡಿಮೆ ಇರುವ ಕಡೆಗೆ ಸರಿಸಿದಳು. ಆಮೇಲೆ ದೋಣಿಗಳನ್ನು ಮತ್ತೆ ಮೆತ್ತಗೆ ಮಾಡಿ, ಬಳೆಗಳು ಕೂರುವಷ್ಟು ಅಗಲಕ್ಕೆ ಒಂದು ಕಾಲುವೆ ತೆಗೆದಳು. "ಯಾವ ಪುಸ್ತಕದಲ್ಲೂ ಇಂಥಾದ್ದು ಇಲ್ಲ ಅಕ್ಕ. ನನ್ನ ಮೇಷ್ಟ್ರು ನೋಡಿದ್ರೆ ಸರ್ಟಿಫಿಕೇಟು ವಾಪಸ್ ಕೇಳ್ತಿದ್ರು." ಪಟ್ಟಿ ಕಟ್ಟಿ, ಹಸಿರು ಬಳೆಗಳ ಮೇಲೆ ಒಮ್ಮೆ ಕೈಯಾಡಿಸಿ, "ಚಂದ ಕಾಣ್ತದೆ," ಎಂದಳು.

ಆಮೇಲಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಬೆರಳು ಉರಿಯುತ್ತಿತ್ತು, ಗುಂಡಿ ಹಾಕಲಾಗುತ್ತಿರಲಿಲ್ಲ, ಜಡೆಯನ್ನು ಇವರೇ ಹೆಣೆಯುತ್ತಿದ್ದರು, ಅದು ಸೊಟ್ಟಗಾಗುತ್ತಿತ್ತು. ಆದರೂ.

ಒಂದು ಬೆಳಿಗ್ಗೆ ಎದ್ದಾಗ ಕೈಯಲ್ಲಿ ಜೋಮು ಇರಲಿಲ್ಲ. ಎಲ್ಲೋ ಮರೆತು ಬಂದ ಹಾಗೆ. ಹಿಂದಿನ ಕೆಲವು ದಿನಗಳಿಂದ ಕಡಿಮೆಯಾಗುತ್ತ ಬಂದಿತ್ತು, ನಾನು ಬಾಯಿಬಿಟ್ಟು ಹೇಳಿದರೆ ಮತ್ತೆ ಬಂದೀತೆಂದು ಸುಮ್ಮನಿದ್ದೆ. ಆ ದಿನ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಚ್ಚಿದೆ. ಕೈ ಎತ್ತಿದಾಗ ಬಳೆಗಳು ಝಲ್ಲೆಂದು ಮೊಳಕೈಯತ್ತ ಜಾರಿದವು. ಮೊದಲ ಸಲ ಅವುಗಳ ಸದ್ದು ಕೇಳಿದೆ. ಕೈ ಇಳಿಸಿದೆ, ಝಲ್. ಎತ್ತಿದೆ, ಝಲ್. ಮಗುವಿಗೆ ಕೇಳಲಿ ಎಂದು ಹೊಟ್ಟೆಯ ಹತ್ತಿರ ಹಿಡಿದು ಆಡಿಸಿದೆ.

ಇವರು ಶಿಫ್ಟಿನಲ್ಲಿದ್ದರು. ನಾನು ಹೆರೆಮಣೆ ಎಳೆದು ಕೂತು ಅರ್ಧ ಹೋಳು ಕಾಯಿ ತುರಿದೆ. ಹಾಲಿನಂಥ ತುರಿ, ಒಂದೂ ಕಂದು ಚೂರಿಲ್ಲ. ಇವರು ಬಂದು ಬಟ್ಟಲು ನೋಡಿ, ನನ್ನ ಮುಖ ನೋಡಿ, "ಓ, ದೋಣಿ ದಡ ಸೇರಿತಾ?" ಎಂದು ನನ್ನ ಎರಡೂ ಕೈಗಳನ್ನು ಹಿಡಿದು ಬಳೆ ಕುಲುಕಿಸಿದರು. ಸದ್ದು ಕೇಳಿ ಕೆಳಗಿನ ಮನೆಯ ಅಕ್ಕ ಹತ್ತಿ ಬಂದರು.

"ನೋಡಿದ್ಯಾ, ನಾನು ದಿನಾ ಕುಡಿಸಿದ ಕೊತ್ತಂಬರಿ ಕಷಾಯ! ಆ ಬಾಯಮ್ಮನ ಪ್ಲಾಸ್ಟಿಕ್ ಅಲ್ಲ ಗುಣ ಮಾಡಿದ್ದು. ಊತ ಹೇಗೆ ಇಳಿದಿದೆ ನೋಡು."

"ಎರಡು ದಿನದಿಂದ ಮಗುವಿನ ಆಟ ಸ್ವಲ್ಪ ಕಡಿಮೆ ಅಕ್ಕ," ಎಂದೆ ನಾನು, ಸುಮ್ಮನೆ, ಮಾತಿನ ನಡುವೆ.

"ದೊಡ್ಡದಾಯ್ತಲ್ಲ, ಒದೀಲಿಕ್ಕೆ ಜಾಗ ಎಲ್ಲುಂಟು? ನನ್ನ ಮೂರನೆಯದ್ದೂ ಹಾಗೇ, ಒಳ್ಳೆ ನಿದ್ದೆಗುಳಿ."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಾವು ಮೂವರೂ ಖುಷಿಯಲ್ಲಿದ್ದೆವು. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಮರುದಿನ ಬಾಯಮ್ಮನನ್ನು ಕಾಣುವ ದಿನ. ನನ್ನ ಕೈಯಾರೆ ತುರಿದ ಕಾಯಿಯಲ್ಲಿ ಸಿಹಿ ಕಡುಬು ಮಾಡಿ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಇವರಿಗೆ ಹಗಲುಪಾಳಿ, ಒಬ್ಬಳೇ ಟ್ಯಾಕ್ಸಿಯಲ್ಲಿ. ಕೋಣೆಯ ಬಾಗಿಲಿಗೆ ಬಂದವಳೇ ಕೈ ಎತ್ತಿ ಬಳೆ ಆಡಿಸಿ ತೋರಿಸಿದೆ. ಅವಳು ಚಪ್ಪಾಳೆ ತಟ್ಟಿದಳು. ರಬ್ಬರ್ ಚೆಂಡು ಕೊಟ್ಟು ಹಿಂಡಲು ಹೇಳಿದಳು, ಹಿಂಡಿದೆ. ಮಣಿಕಟ್ಟಿಗೆ ತಟ್ಟಿದಳು, ಮಿಂಚು ಬರಲಿಲ್ಲ. "ಅರೇ ಅಕ್ಕ!" ಎಂದಳು. ನಗುತ್ತಿದ್ದಳು. ಬಳೆಗಳನ್ನು ಒಂದು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಿದ್ದಳು. ಸರಿಸುತ್ತ ಸರಿಸುತ್ತ ಅವಳ ಬೆರಳು ನಿಂತಿತು.

"ಅಕ್ಕ, ಮಗು ಆಡ್ತಾ ಉಂಟಲ್ಲ?"

"ಉಂಟು. ಸ್ವಲ್ಪ ಕಡಿಮೆ."

"ಇವತ್ತು ಬೆಳಿಗ್ಗೆ?"

ನಾನು ಯೋಚಿಸಿದೆ. ಬೆಳಿಗ್ಗೆ ಕಡುಬು ಕಟ್ಟುವ ಗಡಿಬಿಡಿ. "ನಿನ್ನೆ?" ಎಂದಳು. ನಿನ್ನೆ ಬಳೆಯ ಸದ್ದು ಕೇಳಿಸಿದ್ದೆನಲ್ಲ, ಆಗ ಒದೆಯಿತಾ? ಒದೆಯಿತು ಎಂದು ಹೇಳಲು ಬಾಯಿ ತೆರೆದೆ. ಕೈ ಹೊಟ್ಟೆಯ ಮೇಲೆ ಹೋಯಿತು.

ಅವಳು ಕಡುಬಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನನ್ನ ಕೈ ಹಿಡಿದುಕೊಂಡು ತಾನೇ ಮೇಲಿನ ಮಾಳಿಗೆಗೆ ಕರೆದುಕೊಂಡು ಹೋದಳು. ಹಿಡಿದ ಕೈಯನ್ನು ಹೊಟ್ಟೆ ಪರೀಕ್ಷೆ ಮುಗಿಯುವವರೆಗೆ ಬಿಡಲಿಲ್ಲ. ಡಾಕ್ಟರಮ್ಮ ಈಜಿಪ್ಟಿನವರು, ಹೆಚ್ಚು ಮಾತಿನವರಲ್ಲ. ಕೊಳವೆ ಇಟ್ಟು ಕೇಳಿದರು, ಜಾಗ ಬದಲಿಸಿ ಕೇಳಿದರು, ಯಂತ್ರ ತರಿಸಿ ನೋಡಿದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಹಬೀಬ್ತಿ," ಎಂದರು, ನಮ್ಮಲ್ಲಿ ಮಗಳೇ ಎಂದ ಹಾಗೆ. ಮತ್ತೊಮ್ಮೆ ಅದನ್ನೇ ಹೇಳಿದರು.

ಸಿತ್ರಾಕ್ಕೆ ಫೋನು ಮಾಡಿಸಿದ್ದು ಬಾಯಮ್ಮನೇ. ಇವರು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಕೆಲಸದ ಬಟ್ಟೆಗೆ ಸುಟ್ಟ ಕಬ್ಬಿಣದ ವಾಸನೆ. ಮಂಚದ ಬದಿಯಲ್ಲಿ ನಿಂತು ನನ್ನ ಕೈ ನೋಡಿದರು. ಕೈ ಸಪೂರವಾಗಿತ್ತು.

ನೋವು ಬರಿಸುವ ಔಷಧಿ ಕೊಡುವ ಮೊದಲು ನರ್ಸು ಬಳೆ ತೆಗೆಯಬೇಕೆಂದಳು. "ನಾನು ತೆಗೀತೇನೆ," ಎಂದಳು ಬಾಯಮ್ಮ. ಸಾಬೂನು ಬೇಕಾಗಲಿಲ್ಲ, ಎಣ್ಣೆ ಬೇಕಾಗಲಿಲ್ಲ. ಒಂದೊಂದಾಗಿ ಗೆಣ್ಣು ದಾಟಿ ಸುಲಭವಾಗಿ ಹೊರಗೆ ಬಂದವು. ಒಂದೂ ಒಡೆಯಲಿಲ್ಲ. ಅವನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಆಚೀಚೆ ನೋಡಿದಳು. ನನ್ನ ಚೀಲದಲ್ಲಿ ದೋಣಿಗಳಿದ್ದವು, ಬಾಯಮ್ಮನಿಗೆ ಒಪ್ಪಿಸಿ ಬರೋಣವೆಂದು ತಂದಿದ್ದೆ. ಅವುಗಳೊಳಗೆ ಬಳೆಗಳನ್ನಿಟ್ಟು ಪಟ್ಟಿ ಸುತ್ತಿದಳು.

ಹೆಣ್ಣುಮಗು. ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಕೊಟ್ಟರು. ಎಷ್ಟೋ ತಿಂಗಳಿಂದ ಉಪ್ಪಿನ ಹರಳು ತಿಳಿಯದ ಬೆರಳುಗಳು, ಸೂಜಿ ಚುಚ್ಚಿದರೂ ಗೊತ್ತಾಗದ ಬೆರಳುಗಳು. ಅಂದು ಅವುಗಳಿಗೆ ಎಲ್ಲವೂ ಗೊತ್ತಾಯಿತು. ಕೆನ್ನೆಯ ಮೇಲಿನ ನವಿರು, ಕಿವಿಯ ಮಡಿಕೆ, ಅಂಗೈಯ ಗೆರೆ, ಉಗುರು. ತಣ್ಣಗಿದ್ದದ್ದೂ ಗೊತ್ತಾಯಿತು. ಸ್ವಲ್ಪ ಜೋಮು ಉಳಿದಿದ್ದರೆ ಎಂದು ನಾನು ಆಗ ಬೇಡಿಕೊಂಡೆ. ಇವರು ಮತ್ತು ಕೆಳಗಿನ ಮನೆಯ ಅಕ್ಕನ ಗಂಡ ಅವಳನ್ನು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಇವರು ಹೇಳಲೂ ಇಲ್ಲ.

ಮನೆಗೆ ಬಂದ ಮೇಲೆ ನಾನು ಕೈ ಮಡಚಿ ಮಲಗತೊಡಗಿದೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ, ಕೆನ್ನೆಯ ಕೆಳಗಿಟ್ಟು, ತಲೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ. ಬಾಯಮ್ಮ ಏನೇನು ಮಾಡಬಾರದೆಂದು ಹೇಳಿದ್ದಳೋ ಅದೆಲ್ಲ. ಕೆಲವೊಮ್ಮೆ ಬೆರಳ ತುದಿಯಲ್ಲಿ ಒಂದಿಷ್ಟು ಜುಮುಜುಮು ಬರುತ್ತಿತ್ತು. ಆಗ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಕೈ ಸರಿಸಿದೊಡನೆ ಅದು ಹೊರಟುಹೋಗುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಬಾಯಮ್ಮ ಮನೆಗೆ ಬಂದಳು, ನನ್ನ ಕಡುಬಿನ ಡಬ್ಬಿ ಹಿಂದಕ್ಕೆ ಕೊಡಲು. ತೊಳೆದು, ಖಾಲಿ ಕೊಡಬಾರದೆಂದು ಒಳಗೆ ಸಕ್ಕರೆ ತುಂಬಿಸಿದ್ದಳು. ನಾನು ಚಾಪೆಯ ಮೇಲೆ ಹಾಗೇ ಮಲಗಿದ್ದೆ.

"ಅಕ್ಕ, ಕೈ ಹಾಗೆ ಮಡಚಬೇಡಿ. ನರಕ್ಕೆ ಆಗುವುದಿಲ್ಲ."

"ಸ್ವಲ್ಪ ಬರಲಿ ಬಾಯಮ್ಮ," ಎಂದೆ. "ಅದು ಇದ್ದಾಗ ಅವಳು ಇದ್ದಳು."

ಅವಳು ಪಕ್ಕದಲ್ಲಿ ಕೂತಳು. ಕೆನ್ನೆಯ ಕೆಳಗಿಂದ ನನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡು, ತನ್ನ ಅಂಗೈ ಮೇಲಿಟ್ಟು ನೇರ ಮಾಡಿದಳು. ಆಮೇಲೆ ಕೊಕ್ಕೆ. ಆಮೇಲೆ ಮುಷ್ಟಿ. ನೇರ. ಹೇಳಿಕೊಡದೆ, ಎಣಿಸದೆ, ಇಬ್ಬರ ಬೆರಳೂ ಒಟ್ಟಿಗೆ. ನಾನು ಅಳುತ್ತಲೇ ಮಾಡಿದೆ. ಅಡುಗೆಮನೆಯಲ್ಲಿ ಇವರು ಹೆರೆಮಣೆ ಎಳೆದ ಸದ್ದು ಕೇಳಿಸಿತು, ಬಂದವಳಿಗೆ ಏನಾದರೂ ಮಾಡಿಕೊಡಬೇಕಲ್ಲ ಎಂದು.

ಬಾಯಮ್ಮ ಈಗ ಈ ಊರಲ್ಲಿಲ್ಲ, ಮದುವೆಯಾಗಿ ಕುವೈತಿಗೆ ಹೋದಳು. ದೋಣಿಗಳು ಕಪಾಟಿನ ಮೇಲಿನ ಅರೆಯಲ್ಲಿವೆ, ಬಳೆಗಳ ಸಮೇತ. ನಾನೂ ಇಳಿಸುವುದಿಲ್ಲ, ಇವರೂ ಇಳಿಸುವುದಿಲ್ಲ.

ನನ್ನ ಕೈಗೆ ಈಗ ಏನೂ ಇಲ್ಲ. ಬಟ್ಟೆ ಹಿಂಡುತ್ತೇನೆ, ಹಿಟ್ಟು ನಾದುತ್ತೇನೆ. ಇದು ಇವರಿಗೂ ಗೊತ್ತಿದೆ. ಆದರೂ ಕಾಯಿ ತುರಿಯುವುದು ಇಂದಿಗೂ ಇವರೇ. ಕೆಲಸದಿಂದ ಬಂದು ಕೈಕಾಲು ತೊಳೆದು ಹೆರೆಮಣೆಯ ಮೇಲೆ ಕೂರುತ್ತಾರೆ. ಸಾಕು, ನಾನೇ ತುರಿಯುತ್ತೇನೆ ಎಂದು ನಾನು ಹೇಳಿಲ್ಲ. ಇಷ್ಟು ವರ್ಷವಾದರೂ ಬಿಳಿ ಮುಗಿದದ್ದು ಇವರಿಗೆ ಗೊತ್ತಾಗುವುದಿಲ್ಲ, ಕರಟ ಕೆರೆಯುತ್ತಲೇ ಇರುತ್ತಾರೆ. ಅರೆಯುವ ಮೊದಲು ನಾನು ತುರಿಯನ್ನು ತಟ್ಟೆಯಲ್ಲಿ ಹರವಿ, ಕಂದು ಚೂರುಗಳನ್ನು ಹೆಕ್ಕಿ ಬದಿಗಿಡುತ್ತೇನೆ. ನೋಡಲೇಬೇಕೆಂದಿಲ್ಲ. ಎಷ್ಟು ಸಣ್ಣದಿದ್ದರೂ ಬೆರಳಿಗೆ ಸಿಗುತ್ತದೆ.